ಎಡಗಡೆ ಸೀಟಿನ ಚೌಡಣ್ಣ

ನಮ್ಮ ಕಾರಿನ ಹಿಂದಿನ ಗಾಜಿನ ಮೇಲೆ ಕೆಂಪು ‘ಎಲ್’ ಅಕ್ಷರವೊಂದು ಇನ್ನೂ ಉಳಿದುಕೊಂಡಿದೆ. ಮುಕ್ಕಾಲು ಉಳಿದಿದೆ ಎನ್ನಬೇಕು. ಹೋದ ಭಾನುವಾರ ಒಂದು ಚೊಂಬು ಬಿಸಿನೀರು, ಹಳೇ ಬ್ಲೇಡು ಹಿಡಿದುಕೊಂಡು ಅದನ್ನು ಕೆರೆದು ತೆಗೆಯಲು ಹೊರಟವನು, ಕೆಳಗಿನ ಅಡ್ಡಗೆರೆ ಮುಗಿಯುವಷ್ಟರಲ್ಲಿ ಕೈ ನಿಲ್ಲಿಸಿ ಕಟ್ಟೆಯ ಮೇಲೆ ಕೂತುಬಿಟ್ಟೆ. “ಎಂತಾಯ್ತು ರೀ, ಬ್ಲೇಡು ತಾಗ್ತಾ?” ಎಂದು ಹೆಂಡತಿ ವಿನೋದ ಒಳಗಿನಿಂದ ಕೂಗಿದಳು. ಇಲ್ಲ ಮಾರಾಯ್ತಿ ಎಂದೆ. ಈಗ ಗಾಜಿನ ಮೇಲೆ ಒಂದು ಕೆಂಪು ಕೋಲು ಮಾತ್ರ ನೆಟ್ಟಗೆ ನಿಂತಿದೆ. ಕಂಡವರೆಲ್ಲ ಇದೇನು ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ನಿಮಗೆ ಬರೆದೇ ಹೇಳಿಬಿಡುತ್ತೇನೆ.

ಮೊದಲು ನನ್ನ ವಿಷಯ. ಹೊಸನಗರದ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ನನಗೆ ಕೆಲಸ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ದನಗಳಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲವಾದ್ದರಿಂದ ಅವುಗಳ ಯಜಮಾನರೂ ನನ್ನನ್ನು ‘ಡಾಕ್ಟ್ರೇ’ ಎಂದೇ ಕರೆಯುತ್ತಾರೆ. ನಾನೂ ತಿದ್ದುವ ಗೋಜಿಗೆ ಹೋಗಿಲ್ಲ. ಹಳ್ಳಿ ಹಳ್ಳಿ ತಿರುಗುವ ಕೆಲಸವಾದ್ದರಿಂದ ಕಾರು ಬೇಕೇ ಬೇಕು. ಇಪ್ಪತ್ತೈದು ವರ್ಷ ಒಂದು ಗೀರೂ ಬೀಳದಂತೆ ಗಾಡಿ ಹೊಡೆದವನು ನಾನು ಎಂದು ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ಹೇಳಿಕೊಳ್ಳುವುದು ನನ್ನ ಚಟವಾಗಿತ್ತು. ಹೋಳಿಗೆ ಬರುವಷ್ಟರಲ್ಲಿ ಮಾತು ಹೇಗಾದರೂ ಅಲ್ಲಿಗೆ ತಲುಪುತ್ತಿತ್ತು.

ಇಂಥ ನನ್ನ ಲೈಸೆನ್ಸು ಮೂರು ತಿಂಗಳಿಗೆ ಅಮಾನತಾಯಿತು.

ಕಾರಣ ಹೇಳಿದರೆ ನಗಬಾರದು. ಬಟ್ಟೆಮಲ್ಲಪ್ಪದಿಂದ ಒಳಗೆ ಹೋಗುವ ರಸ್ತೆಯೊಂದರಲ್ಲಿ ಟವರ್ ಸಿಕ್ಕುವ ತಿರುವು ಅಂತ ಒಂದು ಜಾಗವಿದೆ. ಆಚೆಗೆ ಎರಡು ಮೈಲಿ, ಈಚೆಗೆ ಎರಡು ಮೈಲಿ ಫೋನು ಸತ್ತು ಮಲಗಿರುತ್ತದೆ. ಆ ತಿರುವಿಗೆ ಬಂದ ಕೂಡಲೇ ಎದ್ದು ಕೂತು ಬಡಕೊಳ್ಳುತ್ತದೆ. ಸುತ್ತಿನ ಹಳ್ಳಿಯವರು ಬ್ಯಾಂಕಿನ ಒಟಿಪಿ ತರಲು ಅಲ್ಲಿಗೆ ಬೈಕಿನಲ್ಲಿ ಬರುತ್ತಾರೆ. ಸಿಕ್ಕುವುದೂ ನಲವತ್ತು ಹೆಜ್ಜೆ ಉದ್ದಕ್ಕೆ ಮಾತ್ರ. ಅವತ್ತು ನಾನು ಆ ತಿರುವಿಗೆ ಬಂದಾಗ ಫೋನು ಬಡಕೊಂಡಿತು. ದನವೊಂದಕ್ಕೆ ಹೆರಿಗೆ ಕಷ್ಟವಾಗಿ, ಅದರ ಯಜಮಾನ ಬೆಳಗಿನಿಂದ ಹನ್ನೊಂದು ಸಲ ಫೋನು ಮಾಡಿದ್ದ. ಕಾರು ನಿಲ್ಲಿಸೋಣವೆಂದರೆ ರಸ್ತೆಯ ಅಂಚಿನಲ್ಲಿ ಆಗಲೇ ನಾಲ್ಕು ಬೈಕುಗಳು. ಹಾಗಾಗಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಧಾನ ಮುಂದೆ ಹೋದೆ. ನಲವತ್ತು ಹೆಜ್ಜೆ ಮುಗಿದು ಮಾತು ಕಡಿದುಹೋಯಿತು. ರಿವರ್ಸ್ ಹಾಕಿ ಹಿಂದೆ ಬಂದೆ. ಮಾತು ಬಂತು. “ಕರೂನ ಕಾಲು ಕಾಣ್ತದಾ?” ಅಂದೆ. “ಒಂದು ಕಾಣ್ತದೆ ಡಾಕ್ಟ್ರೇ” ಅಂದ. ಮತ್ತೆ ಮುಂದೆ, ಮತ್ತೆ ಹಿಂದೆ. ತಿರುವಿನ ರಸ್ತೆಯಲ್ಲಿ ಹೀಗೆ ಮೂರು ಸುತ್ತು ಮುಗಿಸಿ ತಲೆ ಎತ್ತುತ್ತೇನೆ, ಹಲಸಿನ ಮರದ ಕೆಳಗೆ ಪೊಲೀಸ್ ಜೀಪು! ಅವರೂ ಟವರ್ ಹುಡುಕಿಕೊಂಡೇ ಬಂದು ನಿಂತವರು.

ಅಧಿಕಾರಿ ಬಹಳ ಮರ್ಯಾದಸ್ಥರು. “ಮುಂದೆ ಹೋಗುವಾಗ ಒಂದು ಕೇಸು, ಹಿಂದೆ ಬರುವಾಗ ಇನ್ನೊಂದು. ಯಾವುದು ಬರೀಲಿ ಸಾರ್?” ಎಂದು ಕೇಳಿದರು. ದನದ ವಿಷಯ ಹೇಳಿದೆ. ಕೇಳಿಕೊಂಡು, ಬರೆಯುವುದನ್ನು ಬರೆದು, ತಮ್ಮ ಜೀಪಿನಲ್ಲೇ ನನ್ನನ್ನು ಆ ಕೊಟ್ಟಿಗೆಯ ಬಾಗಿಲಿಗೆ ಮುಟ್ಟಿಸಿದರು. ಕರು ಬದುಕಿತು. ನನ್ನ ಲೈಸೆನ್ಸು ಮಾತ್ರ ಅವರ ಕಾಗದಪತ್ರದ ಜೊತೆ ಆರ್‌ಟಿಒಗೆ ಹೋಗಿ, ಅಲ್ಲಿಂದ ಆದೇಶ ಬಂತು. ಮೂರು ತಿಂಗಳು ಕಾರಾಗಲಿ ಬೈಕಾಗಲಿ ಮುಟ್ಟುವಂತಿಲ್ಲ.

ಆದೇಶದ ಕಾಗದವನ್ನು ವಿನೋದ ಎರಡು ಸಲ ಓದಿ ಮಡಚಿಟ್ಟಳು. ಆಮೇಲೆ ಹೊಲಿಗೆ ಮೆಷಿನ್ನಿನಿಂದ ಎದ್ದು ಬಂದು, “ನಾನು ಕಲೀತೀನಿ” ಎಂದಳು. ನಾನು ಅವಳ ಮುಖ ನೋಡದೆ, ಮಡಚಿಟ್ಟ ಕಾಗದವನ್ನೇ ಮತ್ತೆ ಬಿಡಿಸಿ ಓದತೊಡಗಿದೆ.

ಅದಕ್ಕೆ ಕಾರಣವಿದೆ. ಹದಿನೆಂಟು ವರ್ಷದ ಹಿಂದೆ ಅವಳು ಒಮ್ಮೆ ಕಲಿಯಲು ಹೊರಟವಳೇ. ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಮಾಡಿಸಿ, ಶಾಲೆ ಮೈದಾನದಲ್ಲಿ ಗುರುವಾಗಿ ಎಡಗಡೆ ಕೂತವನು ನಾನು. ಮೊದಲ ದಿನ ನಲವತ್ತೆರಡು ಸಲ “ಬ್ರೇಕು! ಬ್ರೇಕು!” ಎಂದು ಕೂಗಿದೆನಂತೆ. ಎಣಿಸಿದವಳು ಅವಳು. ಎರಡನೇ ದಿನ, ದನಕ್ಕಾದರೂ ಇಷ್ಟು ಹೊತ್ತಿಗೆ ಅರ್ಥವಾಗುತ್ತಿತ್ತು ಎಂದೂ ಹೇಳಿದೆ. ಅದಕ್ಕೆ ಸಾಕ್ಷಿ ಬೇಕಿಲ್ಲ, ನನಗೇ ಚೆನ್ನಾಗಿ ನೆನಪಿದೆ. ಅವಳು ಗಾಡಿಯನ್ನು ಮೆತ್ತಗೆ ನಿಲ್ಲಿಸಿ, ಕೀಲಿ ಕಿತ್ತು ನನ್ನ ಅಂಗೈಯಲ್ಲಿಟ್ಟು, ಮನೆಗೆ ನಡೆದು ಹೋದಳು. ಆ ಎಲ್‌ಎಲ್‌ಆರ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುತ್ತಿದ್ದ ಹೊಲಿಗೆ ಮೆಷಿನ್ನಿನ ಕಾಲ ಕೆಳಗಿಟ್ಟಳು. ಅದರ ಆರು ತಿಂಗಳ ಅವಧಿ ಅಲ್ಲೇ ಮುಗಿಯಿತು. ಅಲ್ಲಿಂದೀಚೆಗೆ ಅವಳು ಆ ಮಾತೇ ಎತ್ತಿರಲಿಲ್ಲ. ನಾನು ಅದನ್ನು ಕ್ಷಮೆ ಎಂದುಕೊಂಡು ಹಾಯಾಗಿದ್ದೆ. ಈಗ ಮತ್ತೆ ಸ್ಟೇರಿಂಗ್ ಹಿಡಿಯುತ್ತೇನೆ ಎಂದು ಅವಳೇ ಎದ್ದು ನಿಂತಿದ್ದಾಳೆ. ಈ ಸಲವೂ ಕೀಲಿ ನನ್ನ ಕೈಗೆ ಬಂದರೆ ಮೂರನೇ ಸಲ ಅಂತ ಒಂದು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹೊಸ ಎಲ್‌ಎಲ್‌ಆರ್‌ಗೆ ಕಂಪ್ಯೂಟರಿನಲ್ಲಿ ಪರೀಕ್ಷೆ. ಅವಳು ಒಂದೂ ತಪ್ಪಿಲ್ಲದೆ ಪಾಸಾದಳು. ಮನೆಯಲ್ಲಿ ಅವೇ ಪ್ರಶ್ನೆಗಳನ್ನು ನಾನು ಬಿಡಿಸಿ ನೋಡಿದೆ. ಎಷ್ಟು ತಪ್ಪಿತೆಂದು ಇಲ್ಲಿ ಹೇಳುವುದಿಲ್ಲ. ಆದರೆ ಕಾನೂನು ಇನ್ನೊಂದಿತ್ತು. ಕಲಿಯುವವರು ಗಾಡಿಯ ಹಿಂದೆ ಮುಂದೆ ಎಲ್ ಬೋರ್ಡು ಹಾಕಬೇಕು, ಪಕ್ಕದಲ್ಲಿ ಲೈಸೆನ್ಸು ಇರುವವರೊಬ್ಬರು ಕೂತಿರಬೇಕು. ಅಮಾನತಾದ ನಾನು ಆ ಲೆಕ್ಕಕ್ಕೆ ಬರುವವನಲ್ಲ. “ಬಂದಿದ್ರೂ ನಿಮ್ಮನ್ನ ಕೂರಿಸ್ಕೊಳ್ತಿರ್ಲಿಲ್ಲ” ಎಂದಳು ವಿನೋದ. “ಚೌಡಣ್ಣನ್ನ ಕೇಳಣ.”

ಚೌಡಣ್ಣ ಎಂದರೆ ನಮ್ಮ ಕಡೆ ಇಂದಿಗೂ ಬಸ್ಸಿನ ಹೆಸರಿನ ಹಾಗೆ. ಬೆಳಿಗ್ಗೆ ಸಾಗರ, ಮಧ್ಯಾಹ್ನ ತೀರ್ಥಹಳ್ಳಿ, ಸಂಜೆಗೆ ತಿರುಗಿ ಹೊಸನಗರ ಎಂದು ಮೂವತ್ತೈದು ವರ್ಷ ಖಾಸಗಿ ಬಸ್ಸು ಹೊಡೆದವರು. ನಾನು ಹೈಸ್ಕೂಲಿಗೆ ಹೋಗುತ್ತಿದ್ದುದು ಅವರ ಬಸ್ಸಿನಲ್ಲೇ. ಡ್ರೈವರಿನ ಎಡಕ್ಕೆ ಎಂಜಿನ್ನಿನ ಮೇಲೆ ದೊಡ್ಡ ಬಾನೆಟ್ಟು, ಅದರ ಮೇಲೊಂದು ಹರಿದ ರಗ್ಗು. ಚಳಿಗಾಲದ ಬೆಳಿಗ್ಗೆ ಅಲ್ಲಿ ಕೂತರೆ ಬಚ್ಚಲೊಲೆಯ ಮುಂದೆ ಕೂತ ಸುಖ. ಅಲ್ಲಿ ಜಾಗ ಸಿಗಲು ಹುಡುಗರಲ್ಲಿ ಹೊಡೆದಾಟವೇ ಆಗುತ್ತಿತ್ತು. ಪಕ್ಕದಲ್ಲಿ ಔಷಧದ ಪೊಟ್ಟಣ, ಮಲ್ಲಿಗೆ ದಂಡೆಯ ಬುಟ್ಟಿ, ರಿಪೇರಿಗೆ ಹೊರಟ ಯಾರದೋ ರೇಡಿಯೋ, ಕಾಲು ಕಟ್ಟಿದ ಒಂದು ಹುಂಜ. ಎಲ್ಲವೂ ಚೌಡಣ್ಣನ ಜವಾಬ್ದಾರಿ. ನಾನೂ ಅಷ್ಟೆ. “ಹುಡ್ಗನ್ನ ನೋಡ್ಕಳಿ ಚೌಡಣ್ಣ” ಎಂದು ಅಮ್ಮ ಹುಂಜದ ಪಕ್ಕ ನನ್ನನ್ನೂ ಹತ್ತಿಸಿ ಹೋಗುತ್ತಿದ್ದಳು. ಯಾರು ಎಲ್ಲಿ ಕೈ ಅಡ್ಡ ಹಾಕಿದರೂ ಅವರು ಬಸ್ಸು ನಿಲ್ಲಿಸುತ್ತಿದ್ದರು. ಕಂಡಕ್ಟರ್ ಗೊಣಗಿದರೆ, “ಕೈ ಎತ್ತಿದ್ಮೇಲೆ ನಿಲ್ಸಬೇಕಪ್ಪ, ಅವ್ರೇನು ಸೊಳ್ಳೆ ಹೊಡೀತಿದಾರಾ?” ಎನ್ನುತ್ತಿದ್ದರು.

ನಾವು ಹೋದಾಗ ಚೌಡಣ್ಣ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಎಪ್ಪತ್ತು ದಾಟಿದೆ. ದಪ್ಪ ಗಾಜಿನ ಕನ್ನಡಕ. ಆದೇಶದ ಕಾಗದ ಇಸಿದುಕೊಂಡು ಮೂಗಿನ ತನಕ ತಂದು, ಮತ್ತೆ ದೂರ ಹಿಡಿದು, “ನೀನೇ ಓದು ತಂಗಿ” ಎಂದು ವಿನೋದಳಿಗೆ ಕೊಟ್ಟರು. ಕೇಳಿ ಮನಸಾರೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಪಕ್ಕದಲ್ಲಿ ಕೂರೋನ ಲೈಸೆನ್ಸು ಚಾಲ್ತೀಲಿ ಇರ್ಬೇಕೇನಾ?” ಎಂದರು.

ನಾನು ಕಾನೂನು ಪಂಡಿತನಲ್ಲವೇ? “ಇರ್ಲೇಬೇಕು ಚೌಡಣ್ಣ. ಇಲ್ದಿದ್ರೆ ಕಲಿಯೋರ ಮೇಲೂ ಕೇಸು” ಎಂದು ಬೆರಳೆತ್ತಿ ಹೇಳಿದೆ.

ಅವರು ಸ್ವಲ್ಪ ಹೊತ್ತು ಹಗ್ಗ ಹೊಸೆದರು. “ಆಯ್ತು. ಒಂದು ತಿಂಗ್ಳು ತಡೀರಿ. ನಂಗೆ ಒಂಚೂರು ಕೆಲ್ಸ ಅದೆ. ಮುಗ್ಸಿ ಬತ್ತೀನಿ.”

ದಾರಿಯುದ್ದಕ್ಕೂ ಗೊಣಗಿದೆ. ಮನೆಯಲ್ಲಿ ಹಗ್ಗ ಹೊಸೆಯುವವರಿಗೆ ಇನ್ನೆಂಥ ಕೆಲಸ? ಕರೆದರಲ್ಲ ಅಂತ ಜಂಬ! ಇರುವುದೇ ಮೂರು ತಿಂಗಳು, ಅದರಲ್ಲಿ ಒಂದು ತಿಂಗಳು ಇವರಿಗಾಗಿ ಕಾಯುತ್ತ ಕೂರಬೇಕು. “ಹದಿನೆಂಟು ವರ್ಷ ಕಾದಿದೀನಿ, ಒಂದು ತಿಂಗ್ಳು ಹೆಚ್ಚಾ?” ಎಂದು ವಿನೋದ ನನ್ನ ಬಾಯಿ ಮುಚ್ಚಿಸಿದಳು.

ಆ ಒಂದು ತಿಂಗಳು ನನ್ನನ್ನು ಊರೇ ಹೊತ್ತು ತಿರುಗಿತು. ದನಕ್ಕೆ ಜ್ವರ ಬಂದವರು ಬೈಕಿನಲ್ಲಿ ಬಂದು ಕರೆದೊಯ್ದು, ಮುಗಿದ ಮೇಲೆ ತಂದು ಬಿಡುತ್ತಿದ್ದರು. ಡೈರಿಗೆ ಹಾಲು ಹಾಕಲು ಹೋಗುವ ಸರೋಜಕ್ಕ ಎಂಬವರ ಸ್ಕೂಟರಿನಲ್ಲಿ, ಎರಡು ಹಾಲಿನ ಕ್ಯಾನಿನ ನಡುವೆ ಸಿಕ್ಕಿಕೊಂಡು ಹೋಗಿದ್ದೇನೆ. “ಕ್ಯಾನ್ ಗಟ್ಟಿ ಹಿಡ್ಕಳಿ ಡಾಕ್ಟ್ರೇ, ನೀವು ಬಿದ್ರೂ ಅಡ್ಡಿಲ್ಲ” ಎಂದರು. ಇಪ್ಪತ್ತೈದು ವರ್ಷ ಇವರಿಗೆಲ್ಲ ನಾನು ಉಪಕಾರ ಮಾಡುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದವನಿಗೆ, ಆ ಸ್ಕೂಟರಿನ ಹಿಂದೆ ಕೂತಾಗ ಸ್ವಲ್ಪ ನಾಚಿಕೆಯಾಯಿತು. ಅವರಿಗೆ ಅದೆಲ್ಲ ಒಂದು ಲೆಕ್ಕವೇ ಆಗಿರಲಿಲ್ಲ.

ಸರಿಯಾಗಿ ಒಂದು ತಿಂಗಳಿಗೆ ಚೌಡಣ್ಣ ಬಂದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಏನೋ. ಕಾರಿಗೆ ಒಂದು ಸುತ್ತು ಬಂದು, ನಾಲ್ಕೂ ಚಕ್ರಕ್ಕೆ ಕಾಲಿನಿಂದ ಒಂದೊಂದು ಒದ್ದು ನೋಡಿ, ಎಡಗಡೆ ಸೀಟಿನಲ್ಲಿ ಕೂತರು. ನಾನು ಹಿಂದೆ. ಮಾತಾಡುವಂತಿಲ್ಲ ಎಂಬ ಷರತ್ತಿನ ಮೇಲೆ ನನಗೆ ಪ್ರವೇಶ ಸಿಕ್ಕಿತ್ತು.

ಅವರು ಕಲಿಸಿದ ರೀತಿ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇರಲಾರದು. ಮೈದಾನಕ್ಕೆ ಎರಡೇ ದಿನ. ಮೂರನೇ ದಿನ ನೇರ ರಸ್ತೆಗೆ. “ಯಾರು ಕೈ ಅಡ್ಡ ಹಾಕಿದ್ರೂ ನಿಲ್ಸು ತಂಗಿ. ಅಷ್ಟೇ ಪಾಠ” ಎಂದರು. ನಮ್ಮ ಕಡೆ ಕೈ ಅಡ್ಡ ಹಾಕುವವರಿಗೇನು ಕಡಿಮೆ? ಏರಿನಲ್ಲಿ ಒಬ್ಬರು, ಇಳಿಜಾರಿನಲ್ಲಿ ಒಬ್ಬರು, ತಿರುವು ಮುಗಿಯುವಲ್ಲಿ ಸೌದೆ ಹೊರೆಯ ಜೊತೆ ಇಬ್ಬರು. ಪ್ರತಿ ಸಲವೂ ಕನ್ನಡಿ ನೋಡಬೇಕು, ಅಂಚಿಗೆ ತರಬೇಕು, ನಿಲ್ಲಿಸಬೇಕು, ಹತ್ತಿಸಿಕೊಂಡು ಹಿಂದಕ್ಕೆ ಜಾರದಂತೆ ಎತ್ತಬೇಕು. ಮೊದಮೊದಲು ಏರಿನಲ್ಲಿ ಎಂಜಿನ್ ಆಫ್ ಆಗುತ್ತಿತ್ತು. ನನ್ನ ಬಾಯಿ ತೆರೆಯುವುದು ಕನ್ನಡಿಯಲ್ಲಿ ಕಂಡರೆ ಚೌಡಣ್ಣ ಹಿಂದಕ್ಕೆ ತಿರುಗದೆಯೇ ಕೈ ಎತ್ತಿ ತೋರಿಸುತ್ತಿದ್ದರು. ಅವಳಿಗೆ ಮಾತ್ರ, “ಆಫಾದ್ರೆ ಆಗ್ಲಿ ತಂಗಿ. ಬಸ್ಸೂ ಆಗ್ತಿತ್ತು. ಮತ್ತೆ ಚಾಲೂ ಮಾಡು” ಎನ್ನುತ್ತಿದ್ದರು. ಅಷ್ಟೇ ಮಾತು. ಎರಡು ವಾರ ಕಳೆಯುವಷ್ಟರಲ್ಲಿ ಅಂದು ನಾನು ಎಷ್ಟು ಕೂಗಿದರೂ ಬರದಿದ್ದುದು ಅವಳ ಕಾಲಿಗೆ ಬಂದಿತ್ತು. ನನ್ನ ಹಳ್ಳಿಗಳ ಭೇಟಿಯೂ ಅದೇ ಪಾಠದಲ್ಲಿ ನಡೆದುಹೋಗುತ್ತಿತ್ತು. ನಾನು ಕೊಟ್ಟಿಗೆಯಲ್ಲಿದ್ದಾಗ ಅವರಿಬ್ಬರೂ ಅಂಗಳದಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು.

ಚೌಡಣ್ಣನದು ಒಂದೇ ಒಂದು ಕಿರಿಕಿರಿ. ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. “ಬಟ್ಟೆಮಲ್ಲಪ್ಪ, ನಾಲ್ಕು ಕಿಲೋಮೀಟ್ರು. ನಿಧಾನವಾಗಿ ಚಲಿಸಿ. ಮುಂದೆ ಶಾಲೆ ಇದೆ. ಇಲ್ಲಿ ಪಂಕ್ಚರ್ ಹಾಕಲಾಗುವುದು.” ತಗಡಿನ ಮೇಲೆ ಸಣ್ಣಕ್ಷರದಲ್ಲಿ ಬರೆದ ಮೂಲವ್ಯಾಧಿ ಔಷಧದ ಜಾಹೀರಾತನ್ನೂ ಬಿಡುತ್ತಿರಲಿಲ್ಲ. ಮೂವತ್ತೈದು ವರ್ಷ ಓಡಾಡಿದ ದಾರಿಯನ್ನು ಇವರೇನು ಮೊದಲ ಸಲ ನೋಡುತ್ತಿದ್ದಾರೆಯೇ? ಮುಪ್ಪಿನ ಮರುಳು ಎಂದು ಹಿಂದಿನ ಸೀಟಿನಲ್ಲಿ ಹುಬ್ಬು ಹಾರಿಸುತ್ತಿದ್ದೆ.

ಪರೀಕ್ಷೆಯ ದಿನ ಮೂವರೂ ಸಾಗರಕ್ಕೆ ಹೋದೆವು. ಹಿಂದಿನ ರಾತ್ರಿ ವಿನೋದ ಊಟ ಸರಿಯಾಗಿ ಮಾಡಿರಲಿಲ್ಲ. “ಫೇಲಾದ್ರೆ ಮತ್ತೆ ಹೊಲಿಗೆ ಮೆಷಿನ್ನೇ” ಎಂದು ದಾರಿಯಲ್ಲಿ ಒಂದು ಸಲ ಅಂದಳು. ಚೌಡಣ್ಣ ಮುಂದಿನ ಬೋರ್ಡು ಓದಿದರು.

ಇನ್ಸ್‌ಪೆಕ್ಟರು ಎಡಗಡೆ ಕೂತರು. ನಾವಿಬ್ಬರು ಮರದ ಕೆಳಗೆ ನಿಂತೆವು. ಮೈದಾನದಲ್ಲಿ ಹಿಂದೆ ಮುಂದೆ ಮಾಡಿಸಿ, ಎದುರಿನ ಏರು ರಸ್ತೆಗೆ ಹೊರಡಿಸಿದರು. ಅರ್ಧ ಏರಿನಲ್ಲಿ ಗಂಟು ಹಿಡಿದ ಅಜ್ಜಿಯೊಬ್ಬಳು ಕೈ ಅಡ್ಡ ಹಾಕಿದಳು. ವಿನೋದ ನಿಲ್ಲಿಸಿಯೇ ಬಿಟ್ಟಳು! “ಚೌಡಣ್ಣ, ಟೆಸ್ಟಿನಲ್ಲಿ ಯಾರಾದ್ರೂ ಲಿಫ್ಟ್ ಕೊಡ್ತಾರಾ! ಮುಗೀತು” ಎಂದೆ. ಚೌಡಣ್ಣ ಅಲ್ಲಾಡಲಿಲ್ಲ. “ಎತ್ತೋದು ನೋಡು” ಎಂದರು. ಕಾರು ಒಂದು ಅಂಗುಲವೂ ಹಿಂದಕ್ಕೆ ಜಾರದೆ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಮೇಲೆ ಹೋಯಿತು.

ಒಳಗೆ ನಡೆದದ್ದನ್ನು ಆಮೇಲೆ ವಿನೋದ ಹೇಳಿದಳು. ಯಾಕಮ್ಮ ನಿಲ್ಲಿಸಿದ್ದು ಎಂದು ಇನ್ಸ್‌ಪೆಕ್ಟರು ಕೇಳಿದ್ದಕ್ಕೆ, “ಕೈ ಅಡ್ಡ ಹಾಕಿದ್ರಲ್ಲ ಸಾರ್” ಎಂದಳಂತೆ. ಅವರು ಕಿಟಕಿಯಿಂದ ತಲೆ ಹಾಕಿ, “ಇದು ಬಸ್ಸಲ್ಲ ಅಜ್ಜಿ, ಪರೀಕ್ಷೆ” ಎಂದು ತಿಳಿಸಿ, “ಏರಲ್ಲಿ ನಿಲ್ಸಿ ಎತ್ತೋದನ್ನ ನಾನೇ ಹೇಳೋನಿದ್ದೆ. ಆಯ್ತು, ಹೋಗಿ” ಎಂದರಂತೆ.

ಪಾಸು.

ಕಾಗದ ತುಂಬುವಾಗ ಇನ್ಸ್‌ಪೆಕ್ಟರು ನನ್ನನ್ನು ಒಮ್ಮೆ ನೋಡಿದರು. ನನ್ನ ಅಮಾನತಿನ ಚರಿತ್ರೆ ಅವರ ಕಂಪ್ಯೂಟರಿನಲ್ಲೇ ಇತ್ತಲ್ಲ. “ಇಷ್ಟು ದಿನ ಇವರ ಪಕ್ಕ ಕೂತಿದ್ದು ಯಾರು?” ಎಂದರು. ಚೌಡಣ್ಣ ಮುಂದೆ ಬಂದು, ಜೇಬಿನ ಪ್ಲಾಸ್ಟಿಕ್ ಬಿಚ್ಚಿ ತಮ್ಮ ಕಾರ್ಡು ಕೊಟ್ಟರು. ಇನ್ಸ್‌ಪೆಕ್ಟರು ನೋಡಿ, ಸರಿ ಎಂದು ನನ್ನ ಕೈಗಿತ್ತರು. ಸುಮ್ಮನೆ ಕಣ್ಣು ಹಾಯಿಸಿದೆ. ಹೊಚ್ಚ ಹೊಸ ಕಾರ್ಡು. ನವೀಕರಣವಾದ ತಾರೀಕು ನಮ್ಮ ಮೊದಲ ಪಾಠಕ್ಕೆ ಮೂರು ದಿನ ಮುಂಚಿನದು.

“ಚೌಡಣ್ಣ, ನಿಮ್ಮದು ಮುಗಿದಿತ್ತಾ?”

“ಮುಗ್ದು ಆರು ತಿಂಗ್ಳಾಗಿತ್ತು. ಇನ್ನು ಗಾಡಿ ಹೊಡೆಯಾದು ಎಲ್ಲಿಂದ ಅಂತ ಬಿಟ್ಟಿದ್ದೆ. ನೀ ಬೆರಳೆತ್ತಿ ಹೇಳ್ದೆಯಲ್ಲ, ಚಾಲ್ತೀಲಿರ್ಬೇಕು ಅಂತ. ಹೋದ್ರೆ ಡಾಕ್ಟ್ರ ಸರ್ಟಿಫಿಕೇಟ್ ಕೇಳಿದ್ರು. ಡಾಕ್ಟ್ರು ಕಣ್ಣು ನೋಡಿ, ಪೊರೆ ತೆಗೆಸದೆ ಕೊಡಲ್ಲ ಅಂದ್ರು. ತೀರ್ಥಳ್ಳಿ ಮಗಳು ಎರಡು ವರ್ಷದಿಂದ ಬಡ್ಕತಿದ್ಲು, ಕಣ್ಣಿಗೆ ಕತ್ತಿ ಅಂದ್ರೆ ನಂಗೆ ಹೆದ್ರಿಕೆ. ಈ ಸಲ ಹೋಗಿ ಮಲಕ್ಕಂಡೆ.”

“ನಿಮ್ಮನ್ನ ಯಾರು ಕೇಳ್ತಿದ್ರು ಚೌಡಣ್ಣ ಈ ಊರಲ್ಲಿ? ಹಾಗೇ ಕೂತಿದ್ರೂ ಆಗ್ತಿತ್ತು.”

“ಯಾರೂ ಕೇಳ್ತಿರ್ಲಿಲ್ಲ ಬಿಡು. ಆದ್ರೆ ತಂಗಿ ನನ್ನ ನಂಬಿ ಗಾಡಿ ಹೊಡಿತಾಳೆ. ಪಕ್ಕದಾಗೆ ಕೂರೋನಿಗೆ ಎದ್ರಿಗೆ ಬರೋದಾದ್ರೂ ಕಾಣ್ಬೇಕಲ್ಲ.”

ಆಗ ಅವರ ಮುಖ ಸರಿಯಾಗಿ ನೋಡಿದೆ. ದಪ್ಪ ಗಾಜಿನ ಕನ್ನಡಕ ಇರಲಿಲ್ಲ. ಎಷ್ಟು ದಿನದಿಂದ ಇರಲಿಲ್ಲವೋ! ದನದ ಕಣ್ಣು ನೋಡಿ ಕಾಯಿಲೆ ಹೇಳುವ ನಾನು, ದಿನಾ ಎದುರಿಗೇ ಕೂತ ಮನುಷ್ಯನ ಕಣ್ಣನ್ನು ನೋಡಿರಲಿಲ್ಲ. ಜಂಬ ಎಂದಿದ್ದೆ, ಮರುಳು ಎಂದಿದ್ದೆ. ವಿನೋದ ಚೌಡಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆರ್‌ಟಿಒ ಆಫೀಸಿನ ಅಂಗಳದಲ್ಲಿ, ನಾಲ್ಕು ಜನ ನೋಡುತ್ತಿದ್ದಂತೆಯೇ ನಾನೂ ಬಗ್ಗಿದೆ. ಅವರು ಗಾಬರಿಯಾಗಿ, “ಏಯ್, ಇದೆಂತದಾ!” ಎಂದು ಹಿಂದೆ ಸರಿದರು.

ಅಮಾನತಿನ ಅವಧಿ ಮುಗಿದು ನನ್ನ ಲೈಸೆನ್ಸೂ ವಾಪಸು ಬಂದಿದೆ. ಪಂಕ್ತಿಯಲ್ಲಿ ಈಗ ಹೋಳಿಗೆ ಬಂದರೆ ಹೋಳಿಗೆಯನ್ನು ಮಾತ್ರ ತಿನ್ನುತ್ತೇನೆ. ಆ ಎಲ್ ಅಕ್ಷರದ ಉಳಿದ ಕೋಲನ್ನು ಕೆರೆಯಲು ಮನಸ್ಸು ಬರುತ್ತಿಲ್ಲ, ಅದು ಹಾಗೇ ಇರಲಿ.

ಅವತ್ತು ಸಾಗರದಿಂದ ಹೊರಟಾಗ ಚೌಡಣ್ಣ ಹಿಂದಿನ ಬಾಗಿಲು ತೆಗೆದರು. “ಇನ್ನು ನಾ ಮುಂದೆ ಯಾಕೆ? ತಂಗಿ ಪಾಸಾತಲ್ಲ.” ವಿನೋದ ಕೀಲಿ ತಿರುಗಿಸಲಿಲ್ಲ. “ನೀವು ಮುಂದೆ ಬರದಿದ್ರೆ ಗಾಡಿ ಹೊರಡಲ್ಲ ಚೌಡಣ್ಣ” ಎಂದಳು. ಅವರು ಬಂದು ಎಡಗಡೆ ಕೂತರು. ಊರು ದಾಟಿತು. ಬಿಸಿಲು ಇಳಿಯುತ್ತಿತ್ತು. ರಸ್ತೆ ಬದಿಯ ಹಳದಿ ಕಲ್ಲೊಂದು ಕಂಡಿತು.

“ಹೊಸನಗರ, ಇಪ್ಪತ್ತೆಂಟು ಕಿಲೋಮೀಟ್ರು” ಎಂದು ಚೌಡಣ್ಣ ಓದಿದರು. ಆಮೇಲೆ ತಮಗೇ ನೆನಪಾದವರಂತೆ ಹಿಂದೆ ತಿರುಗಿ, “ನಿಂಗೆ ಇದು ಕಿರಿಕಿರಿ ಅಲ್ದಾ? ಸಾಕು ಮಾಡ್ತೀನಿ” ಎಂದರು.

“ಬೇಡ ಚೌಡಣ್ಣ,” ಎಂದೆ. “ಮನೆ ಬರೋ ತನಕ ಓದಿ.”